ಕೆಂಪು ಪಟ್ಟಿಯ ಎರಡು ತಟ್ಟು

ಹನ್ನೊಂದು ವರ್ಷದ ಹಿಂದೆ, ಬನಶಂಕರಿ ಬಳಿಯ ಶ್ರೀನಗರದ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಸರಸ್ವತಿ ಮೇಡಂಗೆ ಮೈತ್ರೇಯಿ ಒಂದು ಮಾತು ಕೊಟ್ಟಿದ್ದಳು.

ಆಗ ಅವಳು ಖಾಕಿ ತೊಟ್ಟ ಸಬ್ ಇನ್ಸ್‌ಪೆಕ್ಟರ್. ಸರಸ್ವತಿ ಅವಳಿಗೆ ಕಾರು ಓಡಿಸಲು ಕಲಿಸಿದವರು. ಅವರ ಹದಿಮೂರು ವರ್ಷದ ಮಗ ಸುಮೇಧ ಅಮ್ಮನ ಡ್ರೈವಿಂಗ್ ಸ್ಕೂಲಿನ ಕಾರನ್ನು ಹೇಳದೆ ಕೇಳದೆ ತಂದು, ನಿಂತಿದ್ದ ಆಟೋಗೆ ಗುದ್ದಿದ್ದ. ತುಟಿ ಒಡೆದದ್ದು ಬಿಟ್ಟರೆ ಹುಡುಗನಿಗೆ ಏನೂ ಆಗಿರಲಿಲ್ಲ. ಆದರೆ ಮೈತ್ರೇಯಿಯ ಸ್ಟೇಷನ್ನಿಗೆ ವಿಷಯ ಗೊತ್ತಾಗಿದ್ದರೂ, ತಾಯಿಗೆ ಸುದ್ದಿ ಮುಟ್ಟಿದ್ದು ಹೂ ಮಾರುವ ಮಂಗಮ್ಮನ ಬಾಯಿಂದ. ‘ನಿಮ್ಮ ಹುಡುಗ ಹೋಗ್ಬಿಟ್ಟನಂತೆ’ ಎಂದಿದ್ದಳು ಆಕೆ. ಎರಡು ಗಂಟೆ ಕಾಲ ಸರಸ್ವತಿ ಒಂದೊಂದೇ ಆಸ್ಪತ್ರೆ ಸುತ್ತಿದ್ದರು.

“ಇನ್ನೊಂದ್ಸಲ ನನ್ನನ್ನ ಹೀಗೆ ಬೀದೀಲಿ ನಿಲ್ಲಿಸ್ಬೇಡ ಮೈತ್ರೇಯಿ,” ಎಂದಿದ್ದರು. “ಇವನ ವಿಷಯ ಒಳ್ಳೇದೋ ಕೆಟ್ಟದ್ದೋ, ನಿನಗೆ ಗೊತ್ತಾದ ಕೂಡ್ಲೇ ನನಗೇ ಮೊದಲು ಹೇಳು. ನಿಮ್ಮ ಸ್ಟೇಷನ್ನಿಗಿಂತ ಮುಂಚೆ.”

“ನಿಮಗೇ ಮೊದಲು ಮೇಡಂ,” ಎಂದು ಮೈತ್ರೇಯಿ ಅವರ ಅಂಗೈ ಮೇಲೆ ಅಂಗೈ ಇಟ್ಟಿದ್ದಳು.

*

“ನಿಲ್ಲಿಸು. ಸ್ವಲ್ಪ ಹಿಂದಕ್ಕೆ ಹೋಗು.”

ಪ್ರಿಯಾಂಕಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಪರದೆಯ ಮೇಲೆ ಕಾರುಗಳು ಒಂದು ಕ್ಷಣ ಹಿಮ್ಮುಖವಾಗಿ ಓಡಿ, ಮತ್ತೆ ಮುಂದಕ್ಕೆ ಹೊರಟವು.

ಮಂಗಳವಾರ ಮಧ್ಯಾಹ್ನ ಮೂರೂವರೆ. ಬಿಟಿಎಂ ಲೇಔಟಿನ ಮೂರನೇ ಮಹಡಿಯ ಬಾಡಿಗೆ ಕೋಣೆ. ಮೈತ್ರೇಯಿ ಈಗ ಖಾಕಿಯಲ್ಲಿಲ್ಲ, ಖಾಸಗಿ ಪತ್ತೇದಾರಿಣಿ. ಅವಳನ್ನು ಹುಡುಕಿಕೊಂಡು ಬಂದವಳು ಪ್ರಿಯಾಂಕಾ. ಲ್ಯಾಬ್ ಒಂದರ ಪರವಾಗಿ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವುದು ಅವಳ ಕೆಲಸ.

ಭಾನುವಾರ ಸಾಯಂಕಾಲ ನಾಲ್ಕು ಇಪ್ಪತ್ತೆರಡಕ್ಕೆ ಕಂಪ್ಯೂಟರ್ ಕಾರ್ ರೇಸ್ ನಡೆಸಿ ಪ್ರಸಾರ ಮಾಡುವ ಗಾಂಡೀವ ಲೀಗಿನ ಮುಖ್ಯಸ್ಥ ರಾಮಪ್ರಸಾದ, ಜರಗನಹಳ್ಳಿಯ ತಮ್ಮ ಸ್ಟುಡಿಯೋದ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು. ಆಗ ಕಟ್ಟಡದಲ್ಲಿದ್ದ ಇನ್ನೊಬ್ಬ ಪ್ರಿಯಾಂಕಾಳ ಅಣ್ಣ ಮುತ್ತುರಾಜ ಮಾತ್ರ ಎಂದು ಪೊಲೀಸರು ಸೋಮವಾರ ರಾತ್ರಿ ಅವನನ್ನು ಹಿಡಿದೊಯ್ದಿದ್ದರು.

ರಾಮಪ್ರಸಾದರಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

“ಇದೆಲ್ಲಾ ನಂಗೆ ಹೊಸದು ಕಣಮ್ಮ,” ಎಂದಳು ಮೈತ್ರೇಯಿ. “ಓಡಿಸೋರು ಅವರವರ ಮನೇಲೇ ಇರ್ತಾರೆ, ಅಲ್ವಾ?”

“ಹೌದ್ರಿ ಮೇಡಂ. ಮನ್ಯಾಗ ಸ್ಟಿಯರಿಂಗು, ಪೆಡಲ್ಲು ಇಟ್ಕೊಂಡು ಕಂಪ್ಯೂಟರಿನ್ಯಾಗ ಓಡಸ್ತಾರ. ಕಾಮೆಂಟ್ರಿಯವ್ರೂ ಅವರ ಮನ್ಯಾಗ. ಸ್ಟುಡಿಯೋದಾಗ ಅಣ್ಣ ಒಬ್ನ, ಮ್ಯಾಲಿನ ಕೆಲಸಕ್ಕ.”

“ಮೇಲಿನ ಕೆಲಸ ಅಂದ್ರೆ?”

ಪ್ರಿಯಾಂಕಾ ಪರದೆಯ ಮೇಲೆ ಬೆರಳಾಡಿಸಿದಳು. “ಕಾರು, ರಸ್ತಾ, ಇವೆಲ್ಲಾ ಆಟದ ಚಿತ್ರಾ. ಅದರ ಮ್ಯಾಲ ಗಾಜಿನಂಗ ಒಂದು ಪದರ ಐತಿ ನೋಡ್ರಿ, ಅದಕ್ಕ ಓವರ್‌ಲೇ ಅಂತಾರ. ಎಡಕ್ಕ ಯಾರು ಎಷ್ಟನೇದವ್ರು ಅನ್ನೂ ಪಟ್ಟಿ. ಮೂಲ್ಯಾಗ ಗಡಿಯಾರ. ಕೆಳಗ ಬರಹ. ಎಲ್ಲಾ ಅಣ್ಣ ಮಾಡಿದ್ದ. ಒಂದೊಂದು ಅಕ್ಷರಕ್ಕೂ ರಾತ್ರಿ ನಿದ್ದಿ ಬಿಟ್ಟಾನ.”

ಅವನ ಕೊರಳಿಗೆ ಸುತ್ತಿಕೊಂಡದ್ದೂ ಅದೇ ಓವರ್‌ಲೇ. ನಾಲ್ಕು ಇಪ್ಪತ್ತೊಂದರಿಂದ ಪೂರ್ತಿ ಆರು ನಿಮಿಷ, ಕೆಳಗಿನ ಬರಹ ‘ಮೂರನೇ ಸ್ಥಾನಕ್ಕೆ ಜಿದ್ದಾಜಿದ್ದಿ’ ಎಂದೇ ನಿಂತುಬಿಟ್ಟಿತ್ತು. ಜಿದ್ದು ಮುಗಿದು, ಸೋತವನು ಗೋಡೆಗೆ ಹೊಡೆದು ಹೊರಗೆ ಹೋದರೂ ಬರಹ ಬದಲಾಗಿರಲಿಲ್ಲ. ಬದಲಾಯಿಸಬೇಕಾದವನು ಕುರ್ಚಿಯಲ್ಲಿರಲಿಲ್ಲ ಎನ್ನುವುದು ಪೊಲೀಸರ ಲೆಕ್ಕ. ಏನೋ ಉರುಳಿದ ಸದ್ದು ಕೇಳಿ ಓಡಿದೆ ಎನ್ನುವುದು ಮುತ್ತುರಾಜನ ಮಾತು.

ಹಿಂದಿನ ವಾರವೇ ರಾಮಪ್ರಸಾದರ ಜೊತೆ ಜಗಳವಾಡಿದ್ದವನು ಇನ್ನೊಬ್ಬನಿದ್ದ. ಸರಸ್ವತಿ ಮೇಡಂ ಮಗ ಸುಮೇಧ. ಈ ಸಲ ಲೀಗ್ ಗೆದ್ದವನಿಗೆ ನಿಜವಾದ ಕಾರಿನ ತಂಡದಲ್ಲಿ ಒಂದು ಸೀಟು ಸಿಗುವುದಿತ್ತು, ಸುಮೇಧ ಅಂಕಪಟ್ಟಿಯಲ್ಲಿ ಎರಡನೆಯವನು. ಆದರೆ ಪೊಲೀಸರು ಅವನನ್ನು ಐದೇ ನಿಮಿಷ ಮಾತಾಡಿಸಿ ಬಿಟ್ಟಿದ್ದರು. ರಾಮಪ್ರಸಾದ ಬಿದ್ದ ಹೊತ್ತಿನಲ್ಲಿ ಅವನು ಬನಶಂಕರಿಯ ಮನೆಯಲ್ಲಿ ಕೂತು ರೇಸ್ ಓಡಿಸುತ್ತಿದ್ದ. ನಾಲ್ಕು ಸಾವಿರ ಜನ ನೋಡಿದ್ದರು.

“ಈ ಸುಮೇಧ ನಿಂಗೆ ಗೊತ್ತಾ?”

“ಇಲ್ರಿ. ಅವರ ಮುಖಾನೂ ನೋಡಿಲ್ಲ ನಾ.”

ರೇಸು ಎರಡು ಗಂಟೆಯದು, ಮೂರೂವರೆಗೆ ಶುರುವಾದದ್ದು. ಗಡಿಯಾರ ನಾಲ್ಕು ಎಂಟು ತೋರಿಸುವವರೆಗೂ ಸುಮೇಧ ಮೂರನೆಯವನು. ಆಮೇಲೆ ಎಡಗಡೆಯ ಪಟ್ಟಿಯಲ್ಲಿ ಅವನ ಹೆಸರು ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ನಾಲ್ಕು. ಆರು. ಒಂಬತ್ತು. ಹನ್ನೊಂದು.

“ಏನ್ ಗುರು ಇದು!” ಕಾಮೆಂಟ್ರಿಯವನೊಬ್ಬ ಕೂಗಿದ. “ಸುಮೇಧ ಎಲ್ಲರಿಗೂ ದಾರಿ ಬಿಡ್ತಿದಾನೆ, ಮದುವೆ ಮನೆ ಬಾಗಿಲಲ್ಲಿ ಪನ್ನೀರು ಹಿಡ್ಕೊಂಡು ನಿಂತಂಗೆ!”

“ಟೈರ್ ಹೋಗಿದೆ ಮಗಾ, ಟೈರ್!” ಎಂದ ಇನ್ನೊಬ್ಬ.

ಪರದೆಯ ಒಂದು ಚೌಕದಲ್ಲಿ ಸ್ಟಿಯರಿಂಗ್ ಹಿಡಿದ ಎರಡು ಕೈ ಕಾಣುತ್ತಿದ್ದವು. ಪ್ರತಿಯೊಬ್ಬನೂ ಕೈ ತೋರಿಸುವ ಕ್ಯಾಮೆರಾ ಇಡಬೇಕೆಂಬುದು ಲೀಗಿನ ನಿಯಮ. ಕಪ್ಪು ಗ್ಲೌಸು, ಉದ್ದ ತೋಳು. ಅದರೊಳಗಿನ ಕೈ ಯಾರದಾದರೂ ಆಗಿರಬಹುದು.

“ಇದೇನಿದು, ಕೆಳಗೆ ಬಲಗಡೆ? ಹಸಿರು ಪಟ್ಟಿ, ಕೆಂಪು ಪಟ್ಟಿ?”

“ಈ ವರ್ಷ ಹೊಸದಾಗಿ ಹಾಕ್ಯಾನ್ರಿ. ಕ್ಯಾಮೆರಾ ಯಾರ ಕಾರಿನ ಹಿಂದ ಇರ್ತೈತಿ, ಅವರ ಕಾಲು ಏನ್ ಮಾಡ್ತೈತಿ ಅನ್ನೂದು ಕಾಣ್ತೈತಿ. ಎಕ್ಸಲೇಟರ್ ಒತ್ತಿದ್ರ ಹಸಿರು ಏರ್ತೈತಿ. ಬ್ರೇಕ್ ಒತ್ತಿದ್ರ ಕೆಂಪು.”

ಮೈತ್ರೇಯಿ ಕುರ್ಚಿ ಎಳೆದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

ಮೂರು ಐವತ್ತರ ಹೊತ್ತಿಗೆ ಕ್ಯಾಮೆರಾ ಸುಮೇಧನ ಹಿಂದಿತ್ತು. ತಿರುವು ಬಂದಾಗ ಕೆಂಪು ಪಟ್ಟಿ ಒಂದೇ ಸಲಕ್ಕೆ ತಲೆಯವರೆಗೆ ಏರಿ, ಎಣ್ಣೆ ಸುರಿದಂತೆ ನಿಧಾನವಾಗಿ ಇಳಿಯಿತು. ಪ್ರತಿ ತಿರುವಿನಲ್ಲೂ ಹಾಗೆಯೇ.

ನಾಲ್ಕು ಹದಿನಾಲ್ಕಕ್ಕೆ ಕ್ಯಾಮೆರಾ ಮತ್ತೆ ಅವನ ಹಿಂದೆ ಬಂದಿತ್ತು, ಅವನು ಹಿಂದೆ ಬೀಳುವುದನ್ನು ತೋರಿಸಲು. ತಿರುವು ಬಂತು. ಕೆಂಪು ಪಟ್ಟಿ ಬುಡದಲ್ಲಿ ಚಿಕ್ಕದಾಗಿ ಒಮ್ಮೆ ಮಿನುಗಿತು. ಇನ್ನೊಮ್ಮೆ ಮಿನುಗಿತು. ಆಮೇಲೆ ಮೇಲಕ್ಕೇರಿತು.

ಮುಂದಿನ ತಿರುವು. ತಟ್ಟು, ತಟ್ಟು, ಒತ್ತು.

ಅದರ ಮುಂದಿನದು. ತಟ್ಟು, ತಟ್ಟು, ಒತ್ತು.

ಮೈತ್ರೇಯಿಯ ಬಲಗಾಲು ಚಪ್ಪಲಿಯೊಳಗೆ ತಣ್ಣಗಾಯಿತು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಎರಡು ಬ್ರೇಕಿಗೂ ಒಂದೇ ತಂತಿ. ಅವರು ಒತ್ತಿದರೆ ಕಲಿಯುವವರ ಪೆಡಲೂ ತಾನಾಗಿ ಒಳಗೆ ಹೋಗುತ್ತದೆ. ಹದಿನಾರು ವರ್ಷದ ಹಿಂದೆ, ಜಯನಗರದ ಒಂದೊಂದು ಕ್ರಾಸ್ ಬಂದಾಗಲೂ, ಮೈತ್ರೇಯಿಯ ಪಾದದ ಕೆಳಗೆ ಪೆಡಲ್ ಎರಡು ಸಲ ಸಣ್ಣಗೆ ಕುಸಿಯುತ್ತಿತ್ತು. ಎಡಗಡೆಯ ಸೀಟಿನಿಂದ ಸರಸ್ವತಿ ಮೇಡಂ ದನಿ ಬರುತ್ತಿತ್ತು: ‘ಹಿಂದೆ ಬರೋನಿಗೆ ಮೊದಲು ಹೇಳು. ಆಮೇಲೆ ನಿಲ್ಲಿಸು.’

ಇಪ್ಪತ್ತೈದು ವರ್ಷ ದಿನಕ್ಕೆ ಎಂಟು ಗಂಟೆ ಅದೇ ಮಾಡಿದ ಕಾಲು. ಕಾರು ನಿಜದ್ದೋ ಸುಳ್ಳಿನದೋ ಆ ಕಾಲಿಗೆ ತಿಳಿಯುವುದಿಲ್ಲ.

ಕ್ಯಾಮೆರಾ ಇನ್ನೊಮ್ಮೆ ಅವನ ಹಿಂದೆ ಬಂದಿದ್ದಾಗ, ಗಡಿಯಾರ ನಾಲ್ಕು ಮೂವತ್ತೆಂಟು ತೋರಿಸುತ್ತಲೇ ತಟ್ಟುಗಳು ನಿಂತವು. ಪಟ್ಟಿ ಮತ್ತೆ ಒಂದೇ ಸಲಕ್ಕೆ ಏರಿ, ಎಣ್ಣೆಯಂತೆ ಇಳಿಯಿತು. ಹೆಸರು ಹನ್ನೊಂದರಿಂದ ಮೇಲಕ್ಕೆ ಹತ್ತತೊಡಗಿತು.

“ಇದು ಸುಮೇಧ ಅಲ್ಲ,” ಎಂದಳು ಮೈತ್ರೇಯಿ. “ಸುಮಾರು ಅರ್ಧ ಗಂಟೆ ಅವನ ಕಾರು ಬೇರೆಯವರು ಓಡಿಸಿದಾರೆ.”

ಪ್ರಿಯಾಂಕಾ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು. “ಟಯರ್ ಹೋಗಿದ್ವು ಅಂತಾರಲ್ರಿ.”

“ಟೈರ್ ಹೋದ್ರೆ ಕಾಲು ಬದಲಾಗಲ್ಲ.”

“ಅವರು ಅಂಥಾವ್ರಲ್ಲ ಬಿಡ್ರಿ ಮೇಡಂ.”

“ಮುಖಾನೂ ನೋಡಿಲ್ಲ ಅಂದ್ಯಲ್ಲ?”

“ಅಣ್ಣ ಹೇಳ್ತಿದ್ದ,” ಎಂದಳು ಪ್ರಿಯಾಂಕಾ. ಆಮೇಲೆ ಮಾತು ಬದಲಿಸಿದಳು. “ಅವ್ವ ರಾತ್ರಿ ಬಸ್ಸಿಗೆ ಜಮಖಂಡಿಯಿಂದ ಬರಾಕತ್ತಾಳ. ಟಿವಿಯಾಗ ನೋಡ್ಯಾಳ ಅಣ್ಣನ ಮುಖ. ಯಾರೂ ಹೇಳಿರ್ಲಿಲ್ಲ ಆಕಿಗೆ. ರೊಟ್ಟಿ ಬಡ್ಯಾಕ ಕುಂತಾಕಿ ಹಂಗ ಎದ್ದಾಳಂತ.”

ಮೈತ್ರೇಯಿ ಮೂರು ಐವತ್ತರ ಮತ್ತು ನಾಲ್ಕು ಹದಿನಾಲ್ಕರ ಎರಡು ತುಣುಕುಗಳನ್ನು ತನ್ನ ಫೋನಿಗೆ ಇಳಿಸಿಕೊಂಡಳು. ಅಷ್ಟರಲ್ಲಿ ಅದೇ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರ್ ಸೋಮನಾಥ್. ಒಂದು ಕಾಲದಲ್ಲಿ ಅವಳ ಕೈಕೆಳಗೆ ಇದ್ದವನು.

“ಮೇಡಂ, ಆರು ಗಂಟೆಗೆ ನಿಮ್ಮ ಮುತ್ತುರಾಜನ್ನ ಮ್ಯಾಜಿಸ್ಟ್ರೇಟ್ ಮುಂದೆ ಹಾಜರ್ ಮಾಡ್ಬೇಕು. ಅಲ್ಲಿಂದ ಸೀದಾ ಜೈಲು. ಏನಾದ್ರೂ ಇದ್ರೆ ಈಗ್ಲೇ ಕೊಡಿ. ಆಮೇಲೆ ಕೊಟ್ರೆ ನನ್ನ ಕೈ ದಾಟಿರತ್ತೆ.”

“ಒಂದು ಗಂಟೆ ಕೊಡಿ ಸೋಮನಾಥ್.”

“ನಾನೇನ್ ಕೊಡೋದು ಮೇಡಂ, ಗಡಿಯಾರ ಕೊಡ್ಬೇಕು.”

*

ಪ್ರಿಯಾಂಕಾಳ ಸ್ಕೂಟರಿನ ಎಡಗನ್ನಡಿ ಬುಡದಲ್ಲಿ ಮುರಿದಿತ್ತು; ಹಸಿರು ಟೇಪಿನಿಂದ ಸುತ್ತಿ ನಿಲ್ಲಿಸಿದ್ದಳು.

“ಎಲ್ಲಿಗ್ರಿ?”

“ಬನಶಂಕರಿ. ಬೇಗ.”

ರಾಗಿಗುಡ್ಡದ ಸಿಗ್ನಲ್ಲಿನಲ್ಲಿ ಮಗಳು ಇಂಚರಳ ಫೋನು ಬಂತು.

“ಅಮ್ಮಾ, ಚಾರ್ಟ್ ಪೇಪರ್. ಹಳದಿ ಬಣ್ಣದ್ದು. ನಾಳೇನೇ ಕೊಡ್ಬೇಕು. ಹೋದ್ಸಲದ ಥರ ಮರೀಬೇಡ.”

“ತರ್ತೀನಿ ಪುಟ್ಟಿ.”

“ಹೋದ್ಸಲಾನೂ ಹಂಗೇ ಅಂದೆ. ಪ್ರಾಮಿಸ್ಸಾ?”

ಹಸಿರು ಬಿತ್ತು. ಹಿಂದಿನಿಂದ ಹತ್ತು ಹಾರನ್ನು ಒಟ್ಟಿಗೆ ಕೂಗಿದವು. ಮೈತ್ರೇಯಿ ಉತ್ತರ ಕೊಡದೆ ಫೋನು ಇಟ್ಟಳು.

ಅವಳ ತಲೆಯಲ್ಲಿ ಎರಡೇ ಮಾತು ಸುತ್ತುತ್ತಿದ್ದವು. ಮೊದಲು ಸರಸ್ವತಿ ಮೇಡಂಗೆ ಹೇಳಿದರೆ, ಆ ತಾಯಿ ಮಗನನ್ನು ಎಲ್ಲಿಗಾದರೂ ಸಾಗಿಸಬಹುದು. ಮುತ್ತುರಾಜ ಇವತ್ತೇ ಜೈಲಿನ ಗೇಟು ದಾಟುತ್ತಾನೆ. ಮೊದಲು ಸೋಮನಾಥ್‌ಗೆ ಹೇಳಿದರೆ, ಶ್ರೀನಗರದ ಕಲ್ಲುಬೆಂಚಿನ ಮೇಲಿನ ಅಂಗೈ ಸುಳ್ಳಾಗುತ್ತದೆ.

ಕ್ರಾಸ್ ಒಂದರೊಳಗೆ ತಿರುಗಿ, ಎರಡನೇ ಬಲಕ್ಕೆ ಹೊರಳಿ, ಸ್ಕೂಟರ್ ಡ್ರೈವಿಂಗ್ ಸ್ಕೂಲಿನ ಗೇಟಿನ ಮುಂದೆ ನಿಂತಿತು. ಮೇಲಿನ ಮಹಡಿಯಲ್ಲಿ ಕ್ಲಾಸು ಮತ್ತು ಮನೆ, ಕೆಳಗೆ ಕಾರು ನಿಲ್ಲಿಸುವ ಜಾಗ. ಕೆಂಪು ‘ಎಲ್’ ಬರೆದ ಬಿಳಿ ಕಾರಿಗೆ ಒರಗಿಕೊಂಡು ಸುಮೇಧ ನಿಂತಿದ್ದ. ಇಪ್ಪತ್ತನಾಲ್ಕರ ಹುಡುಗ, ತುಟಿಯ ಮೇಲೆ ಹಳೆಯ ಗಾಯದ ಗೆರೆ.

“ಏನ್ ಮೈತ್ರೇಯಿ ಆಂಟಿ, ಲೈಸೆನ್ಸ್ ರಿನ್ಯೂವಲ್ಲಾ?”

“ನಿನ್ನ ಭಾನುವಾರದ ರೇಸ್ ನೋಡ್ದೆ ಕಣೋ.”

“ಆ ದರಿದ್ರ ರೇಸಾ! ಟೈರ್ ಕೈ ಕೊಡ್ತು ಆಂಟಿ. ಆದ್ರೂ ಎಳ್ಕೊಂಡು ಬಂದು ಏಳನೇ ಪ್ಲೇಸ್ ಮಾಡ್ದೆ. ಸಖತ್ ಅಲ್ವಾ?”

“ಎಲ್ಲರಿಗೂ ಎಡಕ್ಕೆ ಸರಿದು ದಾರಿ ಬಿಟ್ಯಲ್ಲ. ಅಮ್ಮ ಒಳ್ಳೇದು ಕಲಿಸಿದಾರೆ.”

ನಗು ಅವನ ಮುಖಕ್ಕೆ ಬಂತು, ಒಂದು ಕ್ಷಣ ತಡವಾಗಿ.

“ಅಮ್ಮ ಮೇಲಿದಾರೆ. ನಾನು ಪೆಟ್ರೋಲ್ ಹಾಕಿಸ್ಕೊಂಡು ಹತ್ತು ನಿಮಿಷದಲ್ಲಿ ಬರ್ತೀನಿ.”

ಅವನು ಕಾರು ಹತ್ತಿದ. ಗೇಟಿನ ಪಕ್ಕದಲ್ಲೇ ಪ್ರಿಯಾಂಕಾ ಸ್ಕೂಟರ್ ಮೇಲೆ ಕೂತಿದ್ದರೂ ಆ ಹೊಸ ಹುಡುಗಿಯತ್ತ ಒಮ್ಮೆಯೂ ನೋಡಲಿಲ್ಲ. ಕಾರು ರಸ್ತೆಯ ಕೊನೆಯಲ್ಲಿ ತಿರುಗುವಾಗ ಹಿಂದಿನ ಕೆಂಪು ದೀಪ ಒಂದೇ ಸಲ ಹೊತ್ತಿ, ಉದ್ದಕ್ಕೆ ಉರಿದು, ಆರಿತು.

ಒಂದೇ ಸಲ.

ಮೈತ್ರೇಯಿ ಮೆಟ್ಟಿಲ ಬುಡದಲ್ಲಿ ನಿಂತು ಸೋಮನಾಥ್‌ಗೆ ಸಂದೇಶ ಬರೆದಳು. ‘ಭಾನುವಾರ 4.08ರಿಂದ 4.38ರವರೆಗೆ ಸುಮೇಧ ರೇಸಿನಲ್ಲಿ ಇರಲಿಲ್ಲ. ಸಾಕ್ಷಿ ಜೊತೆಗಿದೆ. ಮುತ್ತುರಾಜನನ್ನು ಹಾಜರುಪಡಿಸಬೇಡಿ. ಬನಶಂಕರಿಗೆ ಬನ್ನಿ.’ ಎರಡು ತುಣುಕುಗಳನ್ನೂ ಸೇರಿಸಿದಳು.

ಕಳಿಸುವ ಗುರುತಿನ ಮೇಲೆ ಹೆಬ್ಬೆರಳು ಬಂದು ನಿಂತಿತು.

*

“ಕಾಫಿ ಕುಡೀತೀಯಾ?”

“ಬೇಡ ಮೇಡಂ.”

“ಹಾಗಾದ್ರೆ ಕೆಲಸದ ಮೇಲೆ ಬಂದಿದೀಯ,” ಎಂದರು ಸರಸ್ವತಿ.

ಐವತ್ತೆಂಟು ವರ್ಷ. ಬಿಗಿಯಾಗಿ ಸುತ್ತಿದ ತುರುಬು, ಸೀರೆಯ ಕೆಳಗೆ ಪಟ್ಟಿಯಿರುವ ಗಟ್ಟಿ ಚಪ್ಪಲಿ. ಮೇಜಿನ ಮೇಲೆ ಕಲಿಯುವವರ ಲೈಸೆನ್ಸಿನ ಅರ್ಜಿಗಳ ಕಟ್ಟು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಾರ್ಟು. ಒಳಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಕಾರಿನ ಸೀಟು, ಸ್ಟಿಯರಿಂಗು, ಮೂರು ಪೆಡಲು, ಮುಂದೆ ದೊಡ್ಡ ಪರದೆ. ರಸ್ತೆಗಿಳಿಯಲು ಹೆದರುವ ಹೆಂಗಸರಿಗೆ ಕಲಿಸಲೆಂದು ಸರಸ್ವತಿ ತರಿಸಿದ್ದು. ಬೆಳಿಗ್ಗೆ ಅದರ ಮೇಲೆ ಪಾಠ, ಸಾಯಂಕಾಲ ಮಗನ ರೇಸು.

ಮೈತ್ರೇಯಿ ಫೋನನ್ನು ಅರ್ಜಿಗಳ ಮೇಲೆ ನಿಲ್ಲಿಸಿದಳು.

“ಇದನ್ನ ಒಂದು ನಿಮಿಷ ನೋಡಿ.”

“ಈ ಮಕ್ಕಳಾಟ ನಂಗೇನ್ ತಿಳಿಯತ್ತಮ್ಮ?”

“ಸುಮ್ನೆ ನೋಡಿ ಮೇಡಂ.”

ಪರದೆಯಲ್ಲಿ ಕಾರು ನೆಟ್ಟಗಿನ ರಸ್ತೆಯಲ್ಲಿ ಓಡಿತು. ಬಲತಿರುವು ಹತ್ತಿರ ಬಂತು. ಸರಸ್ವತಿಯ ಮುಖದಲ್ಲಿ ಏನೂ ಅಲುಗಲಿಲ್ಲ.

ಮೇಜಿನ ಕೆಳಗೆ ಚಪ್ಪಲಿಯ ಸದ್ದಾಯಿತು. ಟಕ್, ಟಕ್.

ಫೋನಿನಲ್ಲಿ ಕೆಂಪು ಪಟ್ಟಿ ಎರಡು ಸಲ ಮಿನುಗಿತು.

ತುಣುಕು ಮುಗಿಯಿತು.

“ನಾನು ಕಲಿತದ್ದು ಈ ಕಾಲಿನ ಹತ್ರ,” ಎಂದಳು ಮೈತ್ರೇಯಿ. “ಕಣ್ಣಿಗೆ ಮೋಸ ಆಗ್ಬಹುದು. ನನ್ನ ಪಾದಕ್ಕೆ ಆಗಲ್ಲ ಮೇಡಂ.”

ಸರಸ್ವತಿ ಅರ್ಜಿಗಳನ್ನು ಜೋಡಿಸಿ ಅಂಚು ಸರಿಮಾಡಿದರು. ಇನ್ನೊಮ್ಮೆ ಸರಿಮಾಡಿದರು.

“ಬಳೆ ಬಿಚ್ಚು ಅಂದ,” ಎಂದರು ಕೊನೆಗೆ. “ಗ್ಲೌಸ್ ಹಾಕಿದ. ‘ಅಮ್ಮಾ, ಅರ್ಧ ಗಂಟೆ ಕೂತ್ಕೋ, ರೋಡು ಬಿಟ್ಟು ಆಚೆ ಹೋಗ್ಬೇಡ, ಅಷ್ಟೇ ಸಾಕು’ ಅಂದ. ಏನೋ ನೆಟ್ಟಗೆ ಓಡಿಸೋದು ತಾನೆ ಅಂತ ಕೂತೆ. ಅಯ್ಯೋ, ಆ ಹುಡುಗರು ಹಿಂದಿಂದ ನುಗ್ಗಿದ್ದೇ ನುಗ್ಗಿದ್ದು! ಎಲ್ಲರಿಗೂ ಎಡಕ್ಕೆ ಸರಿದು ದಾರಿ ಬಿಟ್ಟೆ. ಇಂಡಿಕೇಟರ್ ಎಲ್ಲಿದೆ ಅಂತ ಹುಡುಕಿದೆ. ಇಂಡಿಕೇಟರ್ರೇ ಇಲ್ಲ ಆ ಗಾಡಿಗೆ.”

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

“ಅವನು ಎಲ್ಲಿಗೆ ಹೋದ?”

“ನಾಲ್ಕಕ್ಕೆ ಒಂದು ಫೋನ್ ಬಂತು. ಮುಖ ಬಿಳಿಚಿ ಹೋಯ್ತು. ನಾನು ಕೇಳ್ಲಿಲ್ಲ.”

“ವಾಪಸ್ ಬಂದಾಗ?”

“ನೀರು ಕೇಳ್ದ. ಕುಡೀದೆ ಲೋಟ ಅಲ್ಲೇ ಇಟ್ಟ. ಮತ್ತೆ ಕೂತು ಓಡಿಸ್ದ. ಸೋಮವಾರ ನಿಮ್ಮೋರು ಬಂದು ‘ಮಗ ಮನೇಲಿದ್ನಾ’ ಅಂತ ಕೇಳಿದ್ರು. ಇದ್ದ ಅಂದೆ.” ಸರಸ್ವತಿ ತಲೆಯೆತ್ತಿದರು. “ಅವನು ತಳ್ಳಿಲ್ಲ ಮೈತ್ರೇಯಿ. ನನ್ನ ತಲೆ ಮುಟ್ಟಿ ಹೇಳಿದಾನೆ.”

“ಹಾಗಾದ್ರೆ ಅದನ್ನ ಸೋಮನಾಥ್ ಮುಂದೆ ಹೇಳ್ಲಿ.”

“ಹೇಳ್ತಾನೆ. ನಾಳೆ ಬೆಳಿಗ್ಗೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ಒಂದು ರಾತ್ರಿ ಕೊಡು. ವಕೀಲರನ್ನ ಕೇಳ್ಬೇಕು. ಅವನ ಬಾಯಿಂದ ಪೂರ್ತಿ ಕೇಳ್ಬೇಕು ನಾನು.”

“ಆ ಒಂದು ರಾತ್ರಿ ಮುತ್ತುರಾಜ ಎಲ್ಲಿರ್ತಾನೆ ಮೇಡಂ?”

ಸರಸ್ವತಿ ಒಳಕೋಣೆಯ ಸ್ಟಿಯರಿಂಗಿನತ್ತ ನೋಡಿದರು.

“ಅವನ ತಾಯಿ ದುಂಡವ್ವ ಅಂತ. ಮಗನ ಸುದ್ದಿ ಟಿವಿ ನೋಡಿ ತಿಳ್ಕೊಂಡ್ಳು. ಅವಳಿಗೆ ಮೊದಲು ಹೇಳೋರು ಯಾರೂ ಇರ್ಲಿಲ್ಲ.”

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಸರಸ್ವತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಗಾಜು ಮೊದಲೇ ಶುಭ್ರವಾಗಿತ್ತು.

“ಅಂಥ ಹೆಂಗಸಿನ ಮಗನ ಮೇಲೆ ಹೊರಿಸೋಳಲ್ಲ ನಾನು,” ಎಂದರು. “ಇದನ್ನೂ ಬರ್ಕೋ. ಸುಮೇಧ ಒಬ್ಬನೇ ಹೋಗ್ಲಿಲ್ಲ. ಅವನ ಗಾಡಿ ಕೆಳಗೇ ನಿಂತಿತ್ತು. ಯಾರೋ ಬಂದು ಕರ್ಕೊಂಡು ಹೋದ್ರು.”

“ಯಾರು?”

“ಹುಡುಗಿ. ಮುಖ ನೋಡ್ಲಿಲ್ಲ, ಹೆಲ್ಮೆಟ್ ಇತ್ತು. ಕಿಟಕಿಯಿಂದ ಗಾಡಿ ನೋಡ್ದೆ. ಇಷ್ಟು ವರ್ಷ ಕಲಿಸಿದೀನಿ, ಯಾವ ಗಾಡಿ ಕಂಡ್ರೂ ಮೊದಲು ಕನ್ನಡಿ ಸರಿಯಾಗಿದ್ಯಾ ಅಂತ ನೋಡೋದು ನನ್ನ ಚಾಳಿ. ಅದರ ಎಡಗಡೆ ಕನ್ನಡಿ ಮುರಿದಿತ್ತು. ಹಸಿರು ಟೇಪ್ ಸುತ್ತಿದ್ರು.”

ಮೈತ್ರೇಯಿಗೆ ತಾನು ಎದ್ದು ನಿಂತದ್ದೇ ತಿಳಿಯಲಿಲ್ಲ.

ಬನಶಂಕರಿ ಎಂದಷ್ಟೇ ಹೇಳಿದ್ದಳು. ಯಾವ ಸ್ಟೇಜು, ಯಾವ ಕ್ರಾಸು, ಯಾವ ಗೇಟು, ಏನೂ ಹೇಳಿರಲಿಲ್ಲ. ಮುಖವನ್ನೂ ನೋಡಿಲ್ಲ ಎಂದವಳು, ಒಂದು ಸಲವೂ ದಾರಿ ಕೇಳದೆ ಗೇಟಿನ ಮುಂದೆ ತಂದು ನಿಲ್ಲಿಸಿದ್ದಳು.

ಕಿಟಕಿಗೆ ಓಡಿದಳು.

ಗೇಟಿನ ಪಕ್ಕ ಖಾಲಿ. ಸ್ಕೂಟರ್ ನಿಂತಿದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

ಪ್ರಿಯಾಂಕಾಳ ನಂಬರು ಒತ್ತಿದಳು. ಸ್ವಿಚ್ ಆಫ್.

“ಸುಮೇಧನಿಗೆ ಮಾಡಿ ಮೇಡಂ. ಈಗ್ಲೇ.”

ಸರಸ್ವತಿ ಮಾಡಿದರು. ಕಿವಿಯಿಂದ ಫೋನನ್ನು ಮೆಲ್ಲಗೆ ಇಳಿಸಿದರು. “ಆಫ್ ಆಗಿದೆ.” ಗಡಿಯಾರ ನೋಡಿದರು. “ಪೆಟ್ರೋಲ್ ಬಂಕ್ ರಸ್ತೆ ಕೊನೇಲೇ ಇರೋದು. ಹೋಗಿ ಅರ್ಧ ಗಂಟೆ ಆಯ್ತಲ್ಲ?”

ಅಣ್ಣನನ್ನು ಬಿಡಿಸು ಎಂದು ಕಾಲಿಗೆ ಬಿದ್ದವಳು ಪ್ರಿಯಾಂಕಾ. ಅಣ್ಣ ಕೂತಿದ್ದ ಕುರ್ಚಿಯ ಆಚೆ, ಮೆಟ್ಟಿಲ ಮೇಲೆ, ಸುಮೇಧನ ಜೊತೆ ಏನು ಮಾಡುತ್ತಿದ್ದಳು? ತಳ್ಳಿದ ಕೈ ಯಾವುದು?

ಕೆಳಗೆ ಗಾಡಿಯೊಂದು ಬಂದು ನಿಂತ ಸದ್ದಾಯಿತು. ಸರಸ್ವತಿಯ ಮುಖ ಅರಳಿತು. “ಬಂದ ನೋಡು,” ಎನ್ನುತ್ತ ಕಿಟಕಿಗೆ ಬಂದರು.

ಜೀಪು. ಮುಂದಿನ ಸೀಟಿನಿಂದ ಸೋಮನಾಥ್ ಇಳಿಯುತ್ತಿದ್ದ. ಎದುರು ಮನೆಯ ಮಹಡಿಯಿಂದ ಇಬ್ಬರು ಬಗ್ಗಿ ನೋಡುತ್ತಿದ್ದರು. ಇಸ್ತ್ರಿ ಗಾಡಿಯವನು ಕೈಯಲ್ಲಿ ಪೆಟ್ಟಿಗೆ ಹಿಡಿದು ಹಾಗೆಯೇ ನಿಂತಿದ್ದ. ಬೀದಿಗೆಲ್ಲ ಸುದ್ದಿ ಮುಟ್ಟಿಯಾಗಿತ್ತು.

ಸರಸ್ವತಿ ಜೀಪನ್ನು ನೋಡಿದರು. ಆಮೇಲೆ ಮೈತ್ರೇಯಿಯನ್ನು ನೋಡಿದರು.

“ನೀನು ನನಗೆ ಹೇಳಕ್ಕೆ ಬಂದೆ ಅಂದ್ಕೊಂಡೆ.”

“ಹೇಳಕ್ಕೇ ಬಂದೆ ಮೇಡಂ.”

“ಅವರಿಗೆ ಹೇಳಿದ್ದು ಯಾವಾಗ?”

ಮೆಟ್ಟಿಲ ಮೇಲೆ ಬೂಟಿನ ಸದ್ದು ಏರುತ್ತಿತ್ತು. ಮೈತ್ರೇಯಿಯ ಫೋನಿನಲ್ಲಿ ಸೋಮನಾಥ್‌ನ ಉತ್ತರ ಬಂದು ಬಿದ್ದಿತ್ತು: ‘ಮುತ್ತುರಾಜನನ್ನು ತಡೆದಿದ್ದೇನೆ.’ ಅದರ ಮೇಲೆ ಅವಳ ಸಂದೇಶ, ಅದರ ಪಕ್ಕದಲ್ಲಿ ಹೋದ ಹೊತ್ತು.

“ಮೊದಲು,” ಎಂದಳು.

ಸಂದೇಶ ಹೋದದ್ದು ಐದು ಗಂಟೆ ಎರಡು ನಿಮಿಷಕ್ಕೆ. ಮೈತ್ರೇಯಿ ಮೆಟ್ಟಿಲು ಹತ್ತಿದ್ದು ಐದು ಗಂಟೆ ಮೂರು ನಿಮಿಷಕ್ಕೆ. ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.